ಅಂವ ಬಂದ್ರ ನಮಗೇನು?

2025ರ ಜನವರಿ 20ಕ್ಕ ಟ್ರಂಪ್ ಎರಡನೇ ಸಲ ಅಧ್ಯಕ್ಷರಾದಾಗ ಸಿಂದಗಿ ಚಹಾದಂಗಡ್ಯಾಗ ಒಂದs ಮಾತು: "ಅಂವ ಬಂದ್ರ ನಮಗೇನ್ ಆಗೂದೈತಿ ಬಿಡಪಾ." ನನಗೂ ಹಂಗs ಅನಿಸಿತ್ತು.

ಆಗಸ್ಟ್ 27ಕ್ಕ ಅಮೆರಿಕಾಕ್ಕ ಹೋಗೋ ನಮ್ಮ ಬಹಳಷ್ಟು ಸರಕಿನ ಮ್ಯಾಲ ಶೇ. 50 ಸುಂಕ ಬಿತ್ತು. ಅದರ ಹೊಡ್ತ ಬಿದ್ದ ಬಟ್ಟೆ ಗಿರಣಿಗಳಿಗೆ ಹೊರಗಿನ ಅರಳಿ ಅಗ್ಗಕ್ಕ ಸಿಗಲಿ ಅಂತ ಕೇಂದ್ರ ಸರ್ಕಾರ ಶೇ. 11ರ ಆಮದು ಸುಂಕಾನs ಡಿಸೆಂಬರ್ 31ರ ತನಕ ತಗೀತು. ಮುದ್ದೇಬಿಹಾಳ, ಬಸವನ ಬಾಗೇವಾಡಿ, ಇಂಡಿ ಎರಿ ಹೊಲದಾಗ ಹತ್ತಿ ಬಿಡಿಸೋ ತಿಂಗಳು ಅವs. ಹೊರಗಿನ ಅರಳಿ ಅಗ್ಗ ಆದ್ರ ನಮ್ಮ ಹತ್ತಿ ಬೆಲಿನೂ ಇಳೀತೈತಿ. ಗಿರಣಿ ಉಳೀಬೇಕು ಖರೆ, ಆದ್ರ ಆ ಭಾರ ರೈತನ ಹೆಗಲಿಗೆ ಹೊರಿಸಿದ್ದು ತಪ್ಪು.

ಆ ವರ್ಷ ಉದ್ದೆಳಿ ಹತ್ತಿಗೆ ಬೆಂಬಲ ಬೆಲೆ ಕ್ವಿಂಟಲ್‌ಗೆ 8,110 ರೂಪಾಯಿ. ನಿಮ್ಮ ಊರಾಗ ಎಷ್ಟಕ್ಕ ಹೋತು? ಬರೀರಿ.