ಮಣ್ಣೆತ್ತಿನಿಂದ ಶುರು ಮಾಡಬೇಕಿತ್ತು

ಪಿಓಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಗಣಪತಿಗಳನ್ನು ಕೆರೆ, ಹೊಳೆಗೆ ಬಿಡಬಾರದೆಂದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ 2016ರಲ್ಲೇ ನಿಷೇಧ ಹೇರಿತ್ತು. ಆ ಆದೇಶ ಹಿಡಿದುಕೊಂಡು ತೋರಣಗಲ್ಲಿನಲ್ಲಿ ನಾನು ಮಾಡದ ಪ್ರಚಾರವಿಲ್ಲ. ಕರಪತ್ರ ಹಂಚಿದೆ, ಜಾಥಾ ತೆಗೆಸಿದೆ, ಶಾಲೆಯ ಪ್ರಾರ್ಥನೆ ಹೊತ್ತಿಗೆ ಮಕ್ಕಳಿಂದ ಪ್ರತಿಜ್ಞೆ ಹೇಳಿಸಿದೆ. ಪಿಓಪಿ ನೀರಲ್ಲಿ ಬೇಗ ಕರಗುವುದಿಲ್ಲ, ಬಣ್ಣದೊಳಗಿನ ಸೀಸ ಮೀನಿಗೂ ದನಕ್ಕೂ ವಿಷ ಎಂದು ಬೋರ್ಡಿನ ಮೇಲೆ ಬರೆದು ತಿಳಿಸಿದೆ.

ಚೌತಿ ದಿನ ಆ ಮಕ್ಕಳೇ ಟಂಟಂನಲ್ಲಿ ಮಿರಮಿರ ಮಿಂಚುವ ಪಿಓಪಿ ಗಣಪನನ್ನು ತೊಡೆ ಮೇಲೆ ಕೂರಿಸಿಕೊಂಡು ಬಂದರು. ಒಬ್ಬ ತಂದೆ ಸಂಕೋಚದಿಂದಲೇ ಹೇಳಿದರು: "ಏನ್ಮಾಡೋದು ಸರ, ಬಣ್ಣ ಇಲ್ದ ಗಣಪ್ಪನ್ನ ತಂದ್ರ ಹುಡುಗ್ರು ಅಳ್ತಾವ." ಬೇಸಿಗೆಯಲ್ಲಿ ನೀರಿಳಿದಾಗ ಕೆರೆಯಂಗಳದಲ್ಲಿ ಸೊಂಡಿಲು ಮುರಿದ ಮೂರ್ತಿಗಳು ಬಿದ್ದಿದ್ದವು. ಒಡೆದ ಹೊಟ್ಟೆಯೊಳಗಿಂದ ತೆಂಗಿನ ನಾರು ಹೊರಬಂದಿತ್ತು. ಅದನ್ನು ನೋಡಿ ನನಗೆ ಊರಿನ ಮೇಲೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಬಹಳ ದಿನ ಕಳೆದೆ.

ಮಣ್ಣೆತ್ತಿನ ಅಮಾವಾಸ್ಯೆ ಬಂತು. ಯಾರೂ ಕರಪತ್ರ ಹಂಚಿರಲಿಲ್ಲ. ಆದರೂ ಓಣಿಯ ತುಂಬ ಮಕ್ಕಳು ಕೆರೆಯ ಮಣ್ಣು ತಂದು ಎತ್ತು ಮಾಡುತ್ತಿದ್ದರು. ಒಬ್ಬ ಹುಡುಗಿ ಎತ್ತಿನ ಕೊಂಬನ್ನು ನೀರು ಹಚ್ಚಿ ನುಣುಪು ಮಾಡಿ, ಕಣ್ಣಿಗೆ ಎರಡು ಜೋಳದ ಕಾಳು ಒತ್ತಿದಳು. ಪಕ್ಕದಲ್ಲಿ ಮೇವು ಹಾಕಲು ಪುಟ್ಟ ಗ್ವಾದಲಿ. ಪ್ರತಿಜ್ಞೆ ಹೇಳುವಾಗ ಎಲ್ಲರಿಗಿಂತ ಜೋರಾಗಿ ಹೇಳಿದ್ದವಳು ಇವಳೇ. ಬಣ್ಣವಿಲ್ಲದ ಎತ್ತಿಗೆ ಅವಳೇನೂ ಅಳುತ್ತಿರಲಿಲ್ಲ.

ನಮ್ಮ ಸೀಮೆಯಲ್ಲಿ ಮಣ್ಣಿನ ಪೂಜೆಗೊಂದು ಸಾಲೇ ಇದೆ. ಜ್ಯೇಷ್ಠದ ಅಮಾವಾಸ್ಯೆಗೆ ಎತ್ತು, ಆಷಾಢದ ಮಂಗಳವಾರಗಳಂದು ಗುಳ್ಳವ್ವ, ಶ್ರಾವಣದಲ್ಲಿ ನಾಗಪ್ಪ, ಭಾದ್ರಪದದಲ್ಲಿ ಗಣಪ. ಅವನ ಬೆನ್ನಿಗೇ ಬೇವಿನ ಸೊಪ್ಪಿನ ಬುಟ್ಟಿಯಲ್ಲಿ, ಬಾಯಿಗೆ ಬೆಣ್ಣೆ ಮೆತ್ತಿಸಿಕೊಂಡು ಮನೆಮನೆ ತಿರುಗುವ ಜೋಕುಮಾರ. ಈ ಸಾಲಿನಿಂದ ಜಾರಿ ಅಂಗಡಿ ಸೇರಿದವನು ಗಣಪನೊಬ್ಬನೇ. ಇದನ್ನು ಕಾಣದೆ ನಾನು ಮಣ್ಣಿನ ಗಣಪನನ್ನು ಹೊಸ ವಿಷಯವೆಂಬಂತೆ, ಅದೂ ಕಾಯಿದೆಯ ಭಾಷೆಯಲ್ಲಿ ಹೇಳಿಕೊಟ್ಟಿದ್ದೆ. ಮಣ್ಣಿನ ಕೆಲಸ ಬಲ್ಲ ಅಜ್ಜಿಯರನ್ನು ಒಮ್ಮೆಯೂ ಮಾತಾಡಿಸಿರಲಿಲ್ಲ. ಉಕ್ಕಿನ ಕಾರ್ಖಾನೆಯ ಕೆಲಸಕ್ಕೆ ಬಿಹಾರದಿಂದ ಬಂದವರಿಗೆ ಈ ಮಣ್ಣಿನ ಪೂಜೆ ಹೇಗೆ ತಿಳಿಯಬೇಕೆಂದು ಕೈಚೆಲ್ಲಿದ್ದೆ. ಆದರೆ ಛಠ್ ಹಬ್ಬಕ್ಕೆ ಮಣ್ಣಿನ ಒಲೆ ಹೂಡಿ ಪ್ರಸಾದ ಮಾಡುವ ಜನ ಅವರು!

ಆ ಅಮಾವಾಸ್ಯೆಯ ದಿನ ಅಜ್ಜಿಯರಲ್ಲಿ ಒಂದೇ ಮಾತು ಕೇಳಿಕೊಂಡೆ: ಉಳಿದ ಮಣ್ಣನ್ನು ಚೆಲ್ಲಬೇಡಿ, ಒದ್ದೆ ಗೋಣಿಚೀಲ ಮುಚ್ಚಿಡಿ. ಚೌತಿಗೆ ಮೊಮ್ಮಕ್ಕಳನ್ನು ಕೂರಿಸಿಕೊಂಡು ಗಣಪನನ್ನು ಮಾಡಿದವರು ಅವರೇ. ಅರಿಸಿನ, ಕುಂಕುಮವೇ ಬಣ್ಣ. ಒಂದು ಮನೆಯಲ್ಲಿ ಕಂಡದ್ದು ಪಕ್ಕದ ಮನೆಗೆ ದಾಟಿತು. ಯಾರ ಗಣಪನ ಹೊಟ್ಟೆ ದೊಡ್ಡದೆಂದು ಮಕ್ಕಳಲ್ಲಿ ಪೈಪೋಟಿ ಹತ್ತಿತು. ಪೂಜೆ ಮುಗಿದ ಮೇಲೆ ಕೆಲವರು ಮನೆಯ ಬಕೆಟ್ಟಿನಲ್ಲೇ ಕರಗಿಸಿ ಆ ನೀರನ್ನು ಗಿಡಕ್ಕೆ ಹಾಕಿದರು.

ಪೆಂಡಾಲಿನ ಗಣಪ ಮಾತ್ರ ಇನ್ನೂ ಬದಲಾಗಿಲ್ಲ. ಅದನ್ನು ಕೂರಿಸುವ ಸಂಘದ ಹುಡುಗರಿಗೆ ಎತ್ತರ ಬೇಕು. ಮಣ್ಣಿನದು ಭಾರ, ಬಿರುಕು ಬಿಡುತ್ತದೆ, ಟ್ರ್ಯಾಕ್ಟರಿನಲ್ಲಿ ತರುವಾಗ ಕೈ ಮುರಿದರೆ ಅಪಶಕುನ ಅನ್ನುತ್ತಾರೆ. ಅವರ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಕೋಲ್ಕತ್ತದ ಕುಮಾರಟುಲಿಯಲ್ಲಿ ಬಿದಿರು, ಹುಲ್ಲಿನ ಹಂದರ ಕಟ್ಟಿ, ಅದರ ಮೇಲೆ ಮಣ್ಣು ಮೆತ್ತಿ ಆಳೆತ್ತರ ಮೀರಿದ ದುರ್ಗೆಯರನ್ನು ನಿಲ್ಲಿಸುತ್ತಾರೆ. ಬಿದಿರಿಗೂ ಹುಲ್ಲಿಗೂ ನಮ್ಮಲ್ಲಿ ಬರವಿಲ್ಲ. ಕಂಪ್ಲಿಯ ಗದ್ದೆಗಳಲ್ಲಿ ಬೇಕಾದಷ್ಟು ನೆಲ್ಲುಹುಲ್ಲು ಸಿಗುತ್ತದೆ. ಕಲಿಯುತ್ತೇವೆಂದು ಸಂಘದ ಇಬ್ಬರು ಹುಡುಗರು ಒಪ್ಪಿದ್ದಾರೆ. ಕಲಿಸುವವರನ್ನು ಹುಡುಕುತ್ತಿದ್ದೇನೆ.