ನೀಲಿ ಉರಿ, ಬಿಡುವಿನ ಹೊತ್ತು

ಬೆಂಕಿಗೆ ಕಾವಲು ಕೂರುವ ಕೆಲಸ ತಪ್ಪಿದ್ದು ನಮ್ಮ ಕಾಲದ ದೊಡ್ಡ ಸಂಗತಿ ಎಂದು ನನಗೆ ಆಗಾಗ ಅನ್ನಿಸುತ್ತದೆ. ಹುಮನಾಬಾದ ಸೀಮೆಯ ಒಲೆ ಎಂದರೆ ತೊಗರಿ ಕಟ್ಟಿಗೆಯ ಒಲೆ. ರಾಶಿ ಮುಗಿದ ಹೊಲದಿಂದ ಬಂದ ಆ ಕಡ್ಡಿಗಳಿಗೆ ಬಲು ಅವಸರ. ಭುಗ್ಗೆಂದು ಹತ್ತಿ, ಚಟಚಟ ಮಾತಾಡಿ, ರೊಟ್ಟಿ ತಿರುವಿ ಹಾಕುವಷ್ಟರಲ್ಲಿ ಬೂದಿ. ಕುಳ್ಳಿನ ಸ್ವಭಾವವೇ ಬೇರೆ, ಹತ್ತಲೂ ಮನಸ್ಸಿಲ್ಲ, ಆರಲೂ ಮನಸ್ಸಿಲ್ಲ. ಇವೆರಡರ ನಡುವೆ ರಾಜಿ ಮಾಡಿಸುತ್ತ, ಊದುಗೊಳವೆ ಹಿಡಿದು ಕಣ್ಣೊರೆಸಿಕೊಳ್ಳುತ್ತ ಕೂತವರು ಹೆಂಗಸರು. ಪಡಸಾಲೆಯಲ್ಲಿ ಕೂತು ಒಲೆಯ ರೊಟ್ಟಿಯನ್ನು ಹೊಗಳಿದವರು ನಾವು. ಹೊಗೆಯ ರುಚಿ ಹೊಗೆ ಕುಡಿಯದವರಿಗೇ ಹೆಚ್ಚು ಗೊತ್ತು.

ಆಮೇಲೆ ಗ್ಯಾಸ್ ಬಂತು. 2016ರಲ್ಲಿ ಉಜ್ವಲಾ ಯೋಜನೆ ಶುರುವಾದ ಮೇಲೆ, 14.2 ಕಿಲೋ ಅನಿಲ ತುಂಬಿದ ಕೆಂಪು ಸಿಲಿಂಡರ್ ಬಡವರ ಅಡುಗೆಮನೆಗೂ ಕಾಲಿಟ್ಟಿತು. ಒಳಗೆ ಪ್ರೊಪೇನ್, ಬ್ಯುಟೇನ್ ಒತ್ತಡಕ್ಕೆ ಸಿಕ್ಕು ದ್ರವವಾಗಿ ಕೂತಿರುತ್ತವೆ. ಗುಂಡಿ ತಿರುವಿದರೆ ಸುಮಾರು 250 ಪಟ್ಟು ಹಿಗ್ಗಿ ಆವಿಯಾಗಿ ಹೊರಡುತ್ತವೆ. ಆವಿಯಾಗಲು ಬೇಕಾದ ಕಾವನ್ನು ಸಿಲಿಂಡರಿನ ಮೈಯಿಂದಲೇ ಎಳೆದುಕೊಳ್ಳುವುದರಿಂದ ಮೇಲೆ ಉರಿ, ಕೆಳಗೆ ತಂಪು. ಎಷ್ಟು ಉಳಿದಿದೆ ಎಂದು ನೋಡಲು ಒದ್ದೆ ಬಟ್ಟೆ ಸವರುತ್ತಾರಲ್ಲ, ದ್ರವ ಇರುವಷ್ಟು ಎತ್ತರದ ತೇವ ಬೇಗ ಆರುವುದಿಲ್ಲ. ಮೇಲಿನ ಪಸೆ ಸರಸರ ಮಾಯವಾಗಿ, ಕೆಳಗಿನದು ಮೊಂಡು ಹಿಡಿದು ನಿಲ್ಲುವ ಆ ಗೆರೆಯನ್ನು ಕುಕ್ಕರುಗಾಲಲ್ಲಿ ಕೂತು ನೋಡುವುದಕ್ಕೆ ನಾನಿಟ್ಟ ಹೆಸರು 'ತೇವದರ್ಶನ'. ಮನೆಯವರು ಬೇರೆ ಹೆಸರಿಟ್ಟಿದ್ದಾರೆ. ಅದು ಅಚ್ಚಿಗೆ ಯೋಗ್ಯವಲ್ಲ.

ಈ ಅನಿಲಕ್ಕೆ ತನ್ನದೆಂಬ ವಾಸನೆಯಿಲ್ಲ. ಸೋರಿದರೆ ತಿಳಿಯಲೆಂದು ಮರ್ಕ್ಯಾಪ್ಟನ್ ಎಂಬ ನಾರುವ ದ್ರವ್ಯವನ್ನು ಬೆರೆಸುತ್ತಾರೆ. ನಾತದಿಂದಲೂ ಲೋಕೋಪಕಾರವಾಗುತ್ತದೆ ಎಂಬುದು ನನ್ನಂಥವರಿಗೆ ಸಮಾಧಾನದ ಮಾತು.

ಎಲ್ಲ ಮತಗಳೂ ಸತ್ಯವೆಂದು ಸಕಲಮತ ಸಂಪ್ರದಾಯ ಕಟ್ಟಿದ ಮಾಣಿಕಪ್ರಭುಗಳ (1817–1865) ಊರು ನಮ್ಮದು. ಈ ನೀಲಿ ಉರಿಯೂ ಆ ಮತದ್ದೇ ಇರಬೇಕು. ಜೋಳದ ರೊಟ್ಟಿಗೆ ಒಂದು, ಪೂರಣಪೋಳಿಗೆ ಒಂದು, ಬಿರಿಯಾನಿಗೆ ಇನ್ನೊಂದು ಎಂದು ಅದು ಬಣ್ಣ ಬದಲಿಸುವುದಿಲ್ಲ. ಮಸಿ ಬಳಿದು ಯಾವ ಪಾತ್ರೆಯ ಮುಖವನ್ನೂ ಕೆಡಿಸುವುದಿಲ್ಲ.

ಗ್ಯಾಸಿನಿಂದ ಹೊತ್ತು ಉಳಿಯುತ್ತದೆ ಎನ್ನುತ್ತಾರೆ. ಸರಿ, ಉಳಿದ ಹೊತ್ತು ಎಲ್ಲಿ ಹೋಯಿತು? ಅದು ಬಟ್ಟೆಯ ರಾಶಿಯಾಗಿ, ಮಕ್ಕಳ ಹೋಂವರ್ಕ್ ಆಗಿ ಅದೇ ಹೆಂಗಸಿನ ಬಳಿಗೆ ಮರಳಿದರೆ ಲಾಭವೇನು ಬಂತು! ಸಣ್ಣ ಉರಿಯಲ್ಲಿ ತೊಗರಿಬೇಳೆ ತನ್ನ ಪಾಡಿಗೆ ಬೇಯುವಾಗ ಅವಳು ಕಟ್ಟೆಗೆ ಬಂದು, ಕಾಲು ಚಾಚಿ, ಏನೂ ಮಾಡದೆ ಕೂರಬೇಕು. ಯಾವ ಜಾಹೀರಾತೂ ಹೇಳದ ಉಪಯೋಗ ಅದು. ಸುಮ್ಮನೆ ಕೂರುವುದರಲ್ಲಿ ನನಗೆ ಒಳ್ಳೆಯ ಸಾಧನೆಯಿದೆ, ಬೇಕಾದರೆ ಪುಕ್ಕಟೆ ಕಲಿಸುತ್ತೇನೆ. ತೊಡಕು ಒಂದೇ: ಅವಳು ಕಲಿತುಬಿಟ್ಟರೆ ಸಂಜೆಯ ಚಹಾದ ಪಾಳಿ ನನಗೆ ಬರುತ್ತದೆ.