ಐಇಎಂ ಕೇಳುತ್ತಾ ಬರೆದಿಟ್ಟ ಟಿಪ್ಪಣಿಗಳು

ವಿಜಯನಗರದ ಮೊಬೈಲ್ ಅಂಗಡಿ. “ಬೇಸ್ ಸಖತ್ತಾಗಿದೆ, ಹಾಕ್ಕೊಂಡು ನೋಡಿ ಸಾರ್” ಎಂದ ಅಂಗಡಿಯವನು, ಕಿವಿನಾಳದೊಳಕ್ಕೆ ತೂರಿಸುವ ಇಯರ್‌ಫೋನು, ಅಂದರೆ ಐಇಎಂ ಒಂದನ್ನು ಕೈಗಿಟ್ಟು. ನನ್ನ ಕಿವಿಗೆ ಹೌದು. ಪಕ್ಕದಲ್ಲಿದ್ದ ಕಾಲೇಜು ಹುಡುಗ ಅದನ್ನೇ ಹಾಕಿಕೊಂಡು “ಬೇಸೇ ಇಲ್ವಲ್ಲಣ್ಣ, ಬರೀ ಕಿರ್ ಅನ್ನುತ್ತೆ” ಎಂದ. ಫೋನು ಅದೇ, ಹಾಡೂ ಅದೇ. ತುದಿಗೆ ಒಂದು ಸೈಜು ದೊಡ್ಡ ರಬ್ಬರ್ ಬಡ್ ಹಾಕಿಕೊಟ್ಟ ಮೇಲೆ ಅವನಿಗೂ ಬೇಸ್ ಬಂತು. ಕಿವಿನಾಳ ಬಿಗಿಯಾಗಿ ಮುಚ್ಚದಿದ್ದರೆ ತಗ್ಗಿನ ಸ್ವರಗಳು ಸೋರಿಹೋಗುತ್ತವೆ. “ಬೇಸ್ ಇಲ್ಲ” ಎಂಬ ದೂರುಗಳಲ್ಲಿ ಟ್ಯೂನಿಂಗಿನ, ಅಂದರೆ ತಯಾರಕರು ಸ್ವರಗಳನ್ನು ಹೊಂದಿಸಿದ ಬಗೆಯ ದೋಷ ಎಷ್ಟು, ಐದು ರೂಪಾಯಿಯ ರಬ್ಬರಿನದೆಷ್ಟು?

*

ನೇರಳೆ ಮಾರ್ಗದ ಮೆಟ್ರೋ. ಅತ್ತಿಗುಪ್ಪೆ, ವಿಜಯನಗರ, ಹೊಸಹಳ್ಳಿವರೆಗೂ ಐಇಎಂನಲ್ಲಿ ಮೃದಂಗದ ಎಡಗಡೆಯ ತಗ್ಗಿನ ನಾದ ತುಂಬಿಕೊಂಡು ಕೇಳುತ್ತಿತ್ತು. ಮಾಗಡಿ ರಸ್ತೆ ದಾಟಿ ರೈಲು ಸುರಂಗಕ್ಕಿಳಿದದ್ದೇ ತಡ, ಬರೀ ಬಲಗಡೆಯ ಚಾಪಿನ ಹೊಡೆತ ಉಳಿಯಿತು. ಸುರಂಗದ ಗುಡುಗು ತನ್ನ ಸ್ಥಾಯಿಯ ನಾದವನ್ನೇ ನುಂಗುತ್ತದೆ. ಇನ್ನೊಂದು ತೊಡಕು: ಸದ್ದು ಕಡಿಮೆಯಾದಷ್ಟೂ ಕಿವಿಗೆ ಬೇಸ್ ಬೇಗ ಮಂಕಾಗುತ್ತದೆ ಎಂದು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದ್ದರು. ರಾತ್ರಿ ಮನೆಯಲ್ಲಿ ಮೆಲ್ಲಗೆ ಕೇಳಿ ಕೊಟ್ಟ ತೀರ್ಪು, ರೈಲಿನಲ್ಲಿ ಜೋರಾಗಿ ಕೇಳಿ ಕೊಟ್ಟ ತೀರ್ಪು ಎರಡೂ ಒಂದೇ ವಸ್ತುವಿನ ಬಗ್ಗೆಯೇ?

*

ಕಿವಿನಾಳದ ಉದ್ದ ಸುಮಾರು 2.5 ಸೆಂ.ಮೀ. ತೆರೆದ ಕಿವಿ 3 ಕಿಲೋಹರ್ಟ್ಸ್ ಆಸುಪಾಸಿನ ಸದ್ದನ್ನು ತಾನಾಗಿಯೇ ಎತ್ತಿಕೊಡುತ್ತದೆ. ಹುಟ್ಟಿದಾಗಿನಿಂದ ನಾವು ಲೋಕವನ್ನು ಕೇಳಿರುವುದು ಹೀಗೆ. ಐಇಎಂ ತೂರಿಸಿ ನಾಳ ಮುಚ್ಚಿದರೆ ಆ ಏರು ಹೋಗುತ್ತದೆ. ತಯಾರಕರು ಅದನ್ನು ಲೆಕ್ಕ ಹಾಕಿ ಮತ್ತೆ ತುಂಬಿಕೊಡಬೇಕು. ಕಡಿಮೆ ತುಂಬಿದರೆ ಗಾಯಕರು ಕಂಬಳಿ ಹೊದ್ದು ಹಾಡಿದ ಹಾಗೆ. ಹೆಚ್ಚು ತುಂಬಿದರೆ ದನಿ ಮುಖಕ್ಕೇ ಬಂದು ಕಿರುಚುತ್ತದೆ. ಆದರೆ ನಾಳದ ಅಳತೆ ಒಬ್ಬರದಿದ್ದಂತೆ ಇನ್ನೊಬ್ಬರದಿಲ್ಲ. ಯಾರ ಕಿವಿಯ ಲೆಕ್ಕ ತಯಾರಕರ ಮುಂದಿತ್ತು?

ಮೃದಂಗದವರು ಎಡಗಡೆಗೆ ಕಲಸಿದ ರವೆ ಅಂಟಿಸಿ, ಕೆರೆದು, ಅಂದಿನ ಶ್ರುತಿಗೆ ನಾದ ಕೂಡಿಸಿಕೊಳ್ಳುತ್ತಾರೆ. ಐಇಎಂನಲ್ಲಿ ಆ ಕೆಲಸ ಗಾಳಿರಂಧ್ರದ್ದು, ಬಾಯಿಯ ಜಾಲರಿಯದು. ಒಮ್ಮೆ ಹೊಂದಿಸಿದರೆ ಮುಗಿಯಿತು.

*

ಐಇಎಂ ಯಾವ ಕಂಪನಾಂಕದ ಸದ್ದನ್ನು ಎಷ್ಟು ಕೊಡುತ್ತದೆ ಎಂದು ತೋರಿಸುವ ಗ್ರಾಫ್ ನೋಡಿದರೆ ಎಲ್ಲ ತಿಳಿಯುತ್ತದೆ ಎನ್ನುವವರಿದ್ದಾರೆ. ಗ್ರಾಫ್ ನನಗೂ ಬೇಕು. ಹಾರ್ಮನ್ ಕಂಪನಿಯಲ್ಲಿ ಶಾನ್ ಆಲಿವ್ ಮತ್ತು ಸಂಗಡಿಗರು ಕೇಳುಗರ ಮೆಚ್ಚುಗೆಯನ್ನು ಕಲೆಹಾಕಿ ಎಳೆದ ಗೆರೆ ಇಂದು ಅಳತೆಗೋಲಿನಂತೆ ಬಳಕೆಯಲ್ಲಿದೆ. ಆದರೆ 8 ಕಿಲೋಹರ್ಟ್ಸ್ ಬಳಿ ಕಾಣುವ ಶಿಖರ ಬಹುಮಟ್ಟಿಗೆ ಅಳೆಯುವ ಕೃತಕ ಕಿವಿಯದೇ ಅನುರಣನ. ಐಇಎಂ ಎಷ್ಟು ಆಳಕ್ಕೆ ಕೂತಿದೆ ಎಂಬುದರ ಮೇಲೆ ಅದು ಆಚೀಚೆ ಸರಿಯುತ್ತದೆ. ನನ್ನ ಕಿವಿಯಲ್ಲಿ ‘ಸ’ಕಾರ ಚುಚ್ಚುವುದು ಗ್ರಾಫಿನ ಆ ಶಿಖರದಿಂದಲೇ ಎಂದು ಹೇಗೆ ಹೇಳಲಿ? ಸ್ವಲ್ಪ ಒಳಗೆ ಒತ್ತಿದರೆ ಚುಚ್ಚುವುದು ನಿಲ್ಲುತ್ತದೆ.

*

ರಾಜಾಜಿನಗರದ ಗೆಳೆಯನ ಮನೆಯಲ್ಲಿ 1974ರ ‘ಸಂಪತ್ತಿಗೆ ಸವಾಲ್’, ರಾಜ್‌ಕುಮಾರ್ ಎಮ್ಮೆಯ ಮೇಲೆ ಕೂತು ಹಾಡುವ ಹಾಡು. ಎಲ್ಲವನ್ನೂ ಇದ್ದಂತೆ ತೋರಿಸುವ ಐಇಎಂನಲ್ಲಿ ಕೊಳಲು, ತಾಳ ತೆಳ್ಳಗಾದವು. ಬೇಸ್ ಮುಂದು ಮಾಡಿದ ಅಗ್ಗದ ಐಇಎಂನಲ್ಲಿ ಅದೇ ಹಾಡು ಮೈದುಂಬಿ ಬಂತು. ಹಳೆಯ ಧ್ವನಿಮುದ್ರಣದ ಕೊರತೆಯನ್ನು ಹೊಸ ಯಂತ್ರದ ದೋಷ ತುಂಬಿಕೊಟ್ಟಿತು. ನಮ್ಮ ಹಾಡುಗಳ ಬಹುದೊಡ್ಡ ಭಂಡಾರ ಆ ಕಾಲದ್ದೇ ಆಗಿರುವಾಗ, ಇದನ್ನು ದೋಷ ಎಂದು ಬರೆದುಕೊಳ್ಳಲು ಕೈ ಬರಲಿಲ್ಲ.

*

ಬಸವೇಶ್ವರನಗರದ ನಮ್ಮ ಎದುರುಮನೆಯಲ್ಲಿ ಹಿರಿಯ ಮಹಿಳೆಯೊಬ್ಬರು ವೀಣೆ ಹೇಳಿಕೊಡುತ್ತಾರೆ. ಅವರ ಹಜಾರದಲ್ಲಿ ಮೈಕಿಲ್ಲ. ಮೀಟಿದ ಮೇಲೆ ತಂತಿಯ ನಾದ ಎಷ್ಟು ಹೊತ್ತು ನಿಲ್ಲುತ್ತದೆ, ಅನುಮಂದ್ರದ ತಂತಿಯ ಮೇಲೆ ಎಳೆದ ಗಮಕ ಎಲ್ಲಿ ಮುಗಿಯುತ್ತದೆ ಎಂದು ಹತ್ತಿರ ಕೂತು ಕೇಳಿದೆ. ಆಮೇಲೆ ವೈಣಿಕ ದೊರೆಸ್ವಾಮಿ ಅಯ್ಯಂಗಾರರ ಧ್ವನಿಮುದ್ರಣ ಹಾಕಿ, ಬಹಳ ಹೊಗಳಿಸಿಕೊಂಡಿದ್ದ ಐಇಎಂ ಒಂದನ್ನು ಅವರ ಕಿವಿಗಿಟ್ಟೆ.

“ಏನಪ್ಪಾ ಇದು, ಮೀಟು ಮಾತ್ರ ಕೇಳ್ತಿದೆ. ನಾದ ಎಲ್ಲಿ ಹೋಯ್ತು?”

“ವಾಲ್ಯೂಮ್ ಇಳಿಸ್ಲಾ ಅಮ್ಮ?”

“ಇಳಿಸಿದ್ರೂ ಹಾಗೇ ಇದೆ.”

ಬಡ್ ಬದಲಿಸಿದೆವು, ಒಳಗೆ ಒತ್ತಿ ನೋಡಿದೆವು. ತಕರಾರು ಹೋಗಲಿಲ್ಲ. ಗ್ರಾಫ್ ತೆಗೆದು ನೋಡಿದರೆ 4ರಿಂದ 5 ಕಿಲೋಹರ್ಟ್ಸ್ ನಡುವೆ ಎದ್ದು ಕಾಣುವ ಉಬ್ಬು.

ವಯಸ್ಸಾದಂತೆ ಮೊದಲು ಸವೆಯುವುದು ಮೇಲಿನ ಸ್ವರಗಳನ್ನು ಕೇಳುವ ಶಕ್ತಿ. ಎಪ್ಪತ್ತು ದಾಟಿದ ಅವರ ಕಿವಿ ಅಲ್ಲಿನ ತಪ್ಪನ್ನು ಕ್ಷಣದಲ್ಲಿ ಹಿಡಿದದ್ದು ಹೇಗೆ? ದಿನವೂ ನುಡಿಸುವ ವಾದ್ಯದ ನೆನಪು ಕಿವಿಯ ಸವಕಳಿಯನ್ನು ತುಂಬಿಕೊಡುತ್ತದೆಯೇ? ನನಗೆ ಗೊತ್ತಾಗುತ್ತಿಲ್ಲ.

*

ಸದ್ಯಕ್ಕೆ ಮಾಡಿಕೊಂಡ ಕಟ್ಟಳೆ: ಬಡ್, ಆಳ, ಸದ್ದು, ಜಾಗ, ಧ್ವನಿಮುದ್ರಣ ಎಲ್ಲ ಬದಲಿಸಿದರೂ ಉಳಿಯುವ ತಪ್ಪೇ ಟ್ಯೂನಿಂಗಿನ ತಪ್ಪು. ಅದನ್ನು ಗುರುತಿಸಲು ಮೈಕಿಲ್ಲದೆ ಕೇಳಿ ಬಲ್ಲ ಒಂದು ವಾದ್ಯವೋ ದನಿಯೋ ಬೇಕೇ ಬೇಕು. ಮುಂದಿನ ವಾರ ಎರಡು ಐಇಎಂಗಳ ಸದ್ದನ್ನು ಸಮ ಮಾಡಿ, ಯಾವುದು ಯಾವುದೆಂದು ಹೇಳದೆ ವೀಣೆಯ ಅಮ್ಮನವರ ಶಿಷ್ಯರಿಗೆ ಕೇಳಿಸಬೇಕು.